ಓಬವ್ವ ಅಪವಾದ ಅಲ್ಲ

‘ನಾಗರಹಾವು’ (1972) ಸಿನಿಮಾ ನೋಡಿದರೆ ಹೆಣ್ಣು ಹುಟ್ಟಿನಿಂದಲೇ ಅಬಲೆ, ಓಬವ್ವ ಮಾತ್ರ ಅಪವಾದ ಅನ್ನೋ ಹಾಗಿದೆ ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗೆ ಅನಿಸುವುದಿಲ್ಲ. ನಾನು ಚಿತ್ರದುರ್ಗದವಳು, ಕೋಟೆಯಲ್ಲಿರುವ ಓಬವ್ವನ ಆ ಕಿಂಡಿ ನೋಡುತ್ತಲೇ ಬೆಳೆದೆ. ತುಂಬಾ ಇಕ್ಕಟ್ಟು, ಒಬ್ಬರೇ ಬಗ್ಗಿ ನುಸುಳಬೇಕು. ನೀರಿಗೆ ಬಂದ ಓಬವ್ವ ಆ ಇಕ್ಕಟ್ಟನ್ನೇ ಬಳಸಿಕೊಂಡು, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತಲೆ ಹಾಕಿದ ಹಾಗೆಲ್ಲ ಒನಕೆಯಿಂದ ಬಡಿಯುತ್ತಾಳೆ. ದಿನಾ ಕುಟ್ಟಿ ಕುಟ್ಟಿ ಬಂದ ತೋಳಿನ ಬಲ ಅದು, ಜೊತೆಗೆ ತಲೆ ಓಡಿಸಿದ್ದು. ಜಯಂತಿ ಅದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ!

ಇನ್ನು ಅಲಮೇಲು, ಸಿನಿಮಾದ ನಾಯಕ ರಾಮಾಚಾರಿ ಪ್ರೀತಿಸಿದ ಹುಡುಗಿ. ಅವಳ ಬದುಕು ಹಾಳಾಗಿದ್ದು ಹೆಣ್ಣಾಗಿ ಹುಟ್ಟಿದ್ದಕ್ಕಲ್ಲ. ತನ್ನ ಗುರು ಚಾಮಯ್ಯ ಮೇಷ್ಟ್ರ ಮಾತಿಗೆ ರಾಮಾಚಾರಿ ಅವಳನ್ನು ಬಿಟ್ಟುಕೊಟ್ಟ, ಮದುವೆ ಬೇರೆ ಕಡೆ ಆಯಿತು, ಅವಳ ಇಷ್ಟಕ್ಕೆ ಮಾತ್ರ ಯಾರೂ ಬೆಲೆ ಕೊಡಲಿಲ್ಲ. ನನಗೆ ಜಾಸ್ತಿ ಸಿಟ್ಟು ಬರುವುದು ಅಲ್ಲೇ.