ಜೆಪ್ಪು ಹೆಂಚಿನ ಕಾರ್ಖಾನೆಯಲ್ಲಿದ್ದ ಮುತ್ತಜ್ಜನ ಫೋಟೋ ಬಾಸೆಲ್‌ನಲ್ಲಿ ಸಿಗಬಹುದಾ?

ನೀವು ಕೇಳಿರುವುದು ಇಷ್ಟು: ಮುತ್ತಜ್ಜ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಮನೆಯಲ್ಲಿ ಅವರದೊಂದು ಫೋಟೋ ಕೂಡ ಉಳಿದಿಲ್ಲ. ಮಿಶನ್ನಿನ ಹಳೇ ಪತ್ರ, ಫೋಟೋಗಳನ್ನೆಲ್ಲ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜೋಪಾನವಾಗಿ ಇಟ್ಟಿದ್ದಾರಂತೆ, ಅಲ್ಲಿ ಸಿಗಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಅವರ ಕಾರ್ಖಾನೆ ಸಿಗುತ್ತದೆ. ಅವರು ಮಾಡುತ್ತಿದ್ದ ಕೆಲಸ ಸಿಗುತ್ತದೆ. ಅವರ ಮುಖವೂ ಅಲ್ಲೆಲ್ಲೋ ಇದ್ದರೂ ಇರಬಹುದು. ಆದರೆ ಮುಖದ ಪಕ್ಕದಲ್ಲಿ ಹೆಸರು ಸಿಗುವುದು ಕಷ್ಟ. ಕರಾವಳಿಯ ಹಳೇ ಕಾಗದಪತ್ರಗಳ ಹುಚ್ಚು ನನಗೂ ಇದೆ. ಬಾಸೆಲ್‌ನ ಸಂಗ್ರಹದಲ್ಲಿ ಆಗಾಗ ಕೈಯಾಡಿಸುತ್ತಿರುತ್ತೇನೆ, ಹಾಗಾಗಿ ಈ ಮಾತು.

ಯಾಕೆ ಹೀಗೆ ಅಂದರೆ, ಆ ಫೋಟೋಗಳನ್ನು ತೆಗೆದದ್ದು ನಿಮಗಾಗಿ ಅಲ್ಲ, ನಿಮ್ಮ ಮುತ್ತಜ್ಜನಿಗಾಗಿಯೂ ಅಲ್ಲ. ಬಾಸೆಲ್ ಮಿಶನ್ ಶುರುವಾದದ್ದು 1815ರಲ್ಲಿ. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಇಲ್ಲಿನ ಖರ್ಚಿಗೆ ದುಡ್ಡು ಬರುತ್ತಿದ್ದುದು ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಊರೂರುಗಳ ಭಕ್ತರಿಂದ. ಅವರಿಗೆ ‘ನೋಡಿ, ನಿಮ್ಮ ದುಡ್ಡಿನಿಂದ ಇಷ್ಟೆಲ್ಲ ಆಗಿದೆ’ ಎಂದು ತೋರಿಸಬೇಕಿತ್ತು. ಅದಕ್ಕೇ ಶಾಲೆ, ಚರ್ಚು, ನೇಯ್ಗೆಯ ಮಗ್ಗ, ಹೆಂಚಿನ ರಾಶಿ ಇವೆಲ್ಲ ಜಾಸ್ತಿ. ಚಿತ್ರದ ಕೆಳಗೆ ಬಿಳಿ ದೊರೆಯ, ಅಂದರೆ ಮಿಶನರಿಯ ಹೆಸರು ಇರುತ್ತದೆ. ಸಾಲಾಗಿ ನಿಂತ ಕೂಲಿಯವರು ಬರೀ ‘ಕಾರ್ಖಾನೆಯ ಕೆಲಸಗಾರರು’. ಸಿಟ್ಟು ಬರುತ್ತದೆ, ನನಗೂ ಬಂದಿದೆ. ಆದರೆ ಆ ಫೋಟೋಗಳು ಉಳಿದುಕೊಂಡದ್ದೂ ಅದೇ ಕಾರಣಕ್ಕೆ ಅಲ್ವಾ?

ಸಂಗ್ರಹ ಈಗ ಮಿಶನ್ 21 ಎಂಬ ಸಂಸ್ಥೆಯ ಕೈಯಲ್ಲಿದೆ. 2001ರಲ್ಲಿ ಬಾಸೆಲ್ ಮಿಶನ್ ಜೊತೆ ಬೇರೆ ಮಿಶನ್‌ಗಳೂ ಸೇರಿ ಆದ ಸಂಸ್ಥೆ ಅದು. 28,000ಕ್ಕೂ ಹೆಚ್ಚು ಚಿತ್ರಗಳನ್ನು ಸ್ಕ್ಯಾನ್ ಮಾಡಿ ಬಿಎಂ ಆರ್ಕೈವ್ಸ್ ಎಂಬ ಜಾಲತಾಣದಲ್ಲಿ ಹಾಕಿದ್ದಾರೆ. ಮನೆಯಲ್ಲೇ ಕೂತು ನೋಡಬಹುದು. ಇಂಡಿಯಾ ಒಂದೇ ಅಲ್ಲ, ಚೀನಾ, ಘಾನಾ, ಕ್ಯಾಮರೂನ್ ಎಲ್ಲದರದ್ದೂ ಇದೆ. ಪ್ರತಿ ಚಿತ್ರಕ್ಕೂ ಒಂದು ನಂಬರ್ ಇರುತ್ತದೆ. ಅದರಲ್ಲಿರುವ ಸಿ ಅಕ್ಷರ ಇಂಡಿಯಾದ್ದು, ಡಿ ಘಾನಾದ್ದು, ಇ ಕ್ಯಾಮರೂನಿನದ್ದು. ಸಿ-30 ಎಂದು ಕಂಡರೆ ನಮ್ಮ ಕಡೆಯ ಫೋಟೋ ಅಂತ ಲೆಕ್ಕ.

ಹುಡುಕುವಾಗ ಸುಮ್ನೆ ಮ್ಯಾಂಗಲೋರ್ ಎಂದು ಹೊಡೆದರೆ ಫಲಿತಾಂಶದ ರಾಶಿಯಲ್ಲಿ ಮುಳುಗಿಹೋಗುತ್ತೀರಿ. ಹೆಂಚಿನ ಕಾರ್ಖಾನೆಗೆ ಜರ್ಮನ್ನರು ‘ತ್ಸೀಗೆಲೈ’ ಅನ್ನುತ್ತಾರೆ. ಉಚ್ಚಾರ ಹೇಗೇ ಇರಲಿ, ಬರೆಯುವುದು ಝಡ್-ಐ-ಇ-ಜಿ-ಇ-ಎಲ್-ಇ-ಐ. ಈ ಪದ ಹಾಕಿ ನೋಡಿ. ಚಿತ್ರ ಸಿಕ್ಕ ಮೇಲೆ ನಡುವೆ ಟೋಪಿ ಹಾಕಿ ಕುಳಿತವನನ್ನು ಬಿಡಿ, ಅಂಚುಗಳನ್ನು ದೊಡ್ಡದು ಮಾಡಿ ನೋಡಿ. ಆವೆಮಣ್ಣಿನ ಬುಟ್ಟಿ ಹೊತ್ತವರು, ಅಚ್ಚಿನ ಯಂತ್ರದ ಹಿಡಿ ತಿರುಗಿಸುವವರು, ಒಣಗಲು ಹಾಕಿದ ಹೆಂಚಿನ ಸಾಲಿನ ಕೊನೆಯಲ್ಲಿ ಮಸುಕಾಗಿ ನಿಂತ ಹುಡುಗ. ಆಗ ಫೋಟೋಗೆ ಅಲುಗಾಡದೆ ನಿಲ್ಲಬೇಕಿತ್ತು, ಅಲುಗಾಡಿದವನ ಮುಖ ಕಲಸಿಹೋಗುತ್ತಿತ್ತು. ಕೆಲಸ ಬಿಟ್ಟು ನಿಂತಿದ್ದಾರೋ, ಕೆಲಸ ಮಾಡುವಂತೆ ನಟಿಸುತ್ತಾ ನಿಂತಿದ್ದಾರೋ ಎಂಬುದನ್ನೂ ಗಮನಿಸಿ. ಬಹಳಷ್ಟು ಸಲ ಎರಡನೆಯದೇ.

ಮುತ್ತಜ್ಜ ಯಾವ ಕಾಲದವರು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆತ ಮೊದಲು ಮಿಶನ್ನಿನ ಛಾಪಖಾನೆಯಲ್ಲಿದ್ದವನು. ಮಣ್ಣು ನೇತ್ರಾವತಿ ದಂಡೆಯಿಂದ ಬರುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನ್ ಮಿಶನರಿಗಳು ಬ್ರಿಟಿಷರಿಗೆ ಶತ್ರುಗಳಾದರು. ಹಲವರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿ ಹಾಕಿದರು, ಆಮೇಲೆ ಊರಿಗೆ ಅಟ್ಟಿದರು. ಕಾರ್ಖಾನೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ನಿಮ್ಮ ಮುತ್ತಜ್ಜ ಅದರ ನಂತರದ ಕಾಲದವರಾದರೆ ಬಾಸೆಲ್‌ನ ಪತ್ರಗಳಲ್ಲಿ ಹುಡುಕಿ ಹೆಚ್ಚು ಪ್ರಯೋಜನವಿಲ್ಲ. ಅಂದಹಾಗೆ, ಹಳೇ ಮನೆಯ ಮಾಡಿನಲ್ಲಿ 1865 ಎಂದು ಅಚ್ಚೊತ್ತಿದ ಹೆಂಚು ಸಿಕ್ಕಿತು ಎಂದು ಖುಷಿಪಡುವವರನ್ನು ಬಹಳ ಕಂಡಿದ್ದೇನೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಹುಟ್ಟಿದ್ದಲ್ಲ.

ಇನ್ನು ಪತ್ರಗಳು. ನನ್ನನ್ನು ಕೇಳಿದರೆ ಫೋಟೋಗಳಿಗಿಂತ ಇವೇ ಮೇಲು. ಪ್ರತಿ ಮಿಶನರಿಯೂ ಬಾಸೆಲ್‌ನ ಕಮಿಟಿಗೆ ಕಾಲಕಾಲಕ್ಕೆ ವರದಿ ಕಳಿಸಲೇಬೇಕಿತ್ತು. ಎಷ್ಟು ಬಿಗಿ ಎಂದರೆ ಮದುವೆಯಾಗುವುದಕ್ಕೂ ಕಮಿಟಿಯ ಒಪ್ಪಿಗೆ ಬೇಕು. ಹಾಗಾಗಿ ಲೆಕ್ಕಾಚಾರ, ಜಗಳ, ಜ್ವರ, ಒಬ್ಬರ ಮೇಲೊಬ್ಬರ ಚಾಡಿ ಎಲ್ಲ ಅದರಲ್ಲಿದೆ. ದಾನಿಗಳಿಗೆ ತೋರಿಸಲು ಅಚ್ಚಾದ ವರದಿಯಲ್ಲಿ ಇಲ್ಲದ್ದು ಇಲ್ಲಿ ಸಿಗುತ್ತದೆ. ಇಂಡಿಯಾದ ಪತ್ರಗಳು ಸಿ-1 ಸರಣಿಯಲ್ಲಿವೆ.

ತೊಡಕು ಅಂದರೆ ಲಿಪಿ. ಜರ್ಮನ್ ಗೊತ್ತಿದ್ದರೂ ಸಾಲದು. ಆಗಿನವರು ಬರೆಯುತ್ತಿದ್ದುದು ಕುರೆಂಟ್ ಎಂಬ ಹಳೇ ಕೈಬರಹದಲ್ಲಿ. ಅದರಲ್ಲಿ ಇ ಅಕ್ಷರ ಎನ್ ಥರ ಕಾಣುತ್ತದೆ. ಯು ಮೇಲೆ ಒಂದು ಸಣ್ಣ ಕೊಂಕಿ ಇರುತ್ತದೆ. ಇಂದಿನ ಜರ್ಮನ್ನರೇ ತಡವರಿಸುತ್ತಾರೆ. ಆದರೆ ನಮಗೊಂದು ಅನುಕೂಲ ಇದೆ. ಪರದೇಶದ ಹೆಸರು ಬಂದಾಗ ಅವರು ಎಷ್ಟೋ ಸಲ ಕುರೆಂಟ್ ಬಿಟ್ಟು ಮಾಮೂಲಿ ರೋಮನ್ ಅಕ್ಷರದಲ್ಲಿ ಬರೆಯುತ್ತಿದ್ದರು. ಅರ್ಥವಾಗದ ಗೀಚಿನ ನಡುವೆ ಇದ್ದಕ್ಕಿದ್ದಂತೆ ಮಂಗಳೂರು, ಮೂಲ್ಕಿ, ಹುಬ್ಬಳ್ಳಿ ಎಂದು ಓದಲು ಬರುತ್ತದೆ! ಜನರ ಹೆಸರುಗಳೂ ಹಾಗೆಯೇ. ಅಂದರೆ ಒಂದಕ್ಷರ ಜರ್ಮನ್ ಬಾರದವರೂ ಪುಟದ ಮೇಲೆ ಕಣ್ಣಾಡಿಸಿ, ಬೇಕಾದ ಹೆಸರಿದೆಯಾ ಎಂದು ನೋಡಬಹುದು. ಕಾಗುಣಿತ ಮಾತ್ರ ಅವರದೇ. ಉಡುಪಿ ‘ಉಡಪಿ’ ಆಗಿರುತ್ತದೆ, ಕೊಡಗು ‘ಕುರ್ಗ್’ ಆಗಿರುತ್ತದೆ. ಹೆಸರು ಸಿಕ್ಕ ಪುಟವನ್ನು ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶಕ್ಕೆ ಹಾಕಿದರೆ ಸುಮಾರಾಗಿ ಓದಿಕೊಡುತ್ತದೆ, ಉಳಿದದ್ದನ್ನು ಜರ್ಮನ್ ಬಲ್ಲವರಿಂದ ತಿದ್ದಿಸಿಕೊಳ್ಳಿ.

ಪತ್ರದಲ್ಲಿ ನಮ್ಮವರ ಹೆಸರು ಬರುವುದೇ ಇಲ್ಲ ಎಂದೇನಲ್ಲ. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾಗಿ, ಬಾಸೆಲ್‌ಗೇ ಹೋಗಿ ಓದಿ, ಪಾದ್ರಿಯಾಗಿ ಮರಳಿದವರು. ಅವರು ಬರೆದ ಪತ್ರಗಳೂ ಅಲ್ಲಿವೆ. ಉಪದೇಶಿಗಳು, ಶಾಲೆಯ ಮೇಷ್ಟ್ರುಗಳ ಹೆಸರೂ ಸಿಗುತ್ತವೆ. ಹೆಂಚಿನ ಕಾರ್ಖಾನೆಯ ಕೂಲಿಯವರ ಹೆಸರು ಬರಬೇಕಾದರೆ ಏನಾದರೂ ಆಗಿರಬೇಕು: ಅಪಘಾತ, ಕಳ್ಳತನ, ದೀಕ್ಷಾಸ್ನಾನ, ಸಾವು.

ಅದಕ್ಕೇ ನನ್ನ ಸಲಹೆ, ಬಾಸೆಲ್‌ಗಿಂತ ಮೊದಲು ಮಂಗಳೂರಿನಲ್ಲಿ ನೋಡಿ. ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಮಿಶನ್ನಿನ ಕನ್ನಡ ಪುಸ್ತಕ, ಪತ್ರಿಕೆ, ಕಡತಗಳಿವೆ. ನಿಮ್ಮ ಮನೆಯವರು ಕ್ರೈಸ್ತರಾಗಿದ್ದರೆ ಚರ್ಚಿನ ಸ್ನಾನದೀಕ್ಷೆ, ಮದುವೆಯ ರಿಜಿಸ್ಟರುಗಳನ್ನು ಕೇಳಿ, ಬಾಸೆಲ್ ಮಿಶನ್ ಸಭೆಗಳು ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅಡಿಯಲ್ಲಿವೆ. ಕ್ರೈಸ್ತರಲ್ಲದವರೂ ಕಾರ್ಖಾನೆಯಲ್ಲಿ ಬಹಳ ಜನ ಇದ್ದರು. ಹಾಗಿದ್ದರೆ ಈ ದಾರಿ ಮುಚ್ಚಿದಂತೆ, ಜಾಗದ ಹಳೇ ಕಾಗದ, ಶಾಲೆಯ ದಾಖಲೆ ನೋಡಬೇಕು.

ಆಮೇಲೆ ಬಾಸೆಲ್‌ಗೆ ಇಂಗ್ಲಿಷಿನಲ್ಲೇ ಇಮೇಲ್ ಬರೆಯಿರಿ. ‘ನಮ್ಮ ಮುತ್ತಜ್ಜನ ಬಗ್ಗೆ ಏನಿದೆ?’ ಎಂದು ಕೇಳಬೇಡಿ. ಊರು, ಕಾರ್ಖಾನೆ, ಅಂದಾಜು ವರ್ಷ, ನಿಮಗೆ ಬೇಕಾದ ಚಿತ್ರದ ನಂಬರ್ ಕೊಡಿ. ಫೋಟೋದ ಹಿಂಬದಿಯಲ್ಲಿ ಏನಾದರೂ ಬರೆದಿದೆಯಾ ಎಂದು ತಪ್ಪದೆ ಕೇಳಿ. ಮನೆಗೆ ಇಟ್ಟುಕೊಳ್ಳುವುದು ಬಿಟ್ಟು ಪುಸ್ತಕದಲ್ಲಿ ಅಚ್ಚು ಹಾಕುವ ಯೋಚನೆ ಇದ್ದರೆ ಅನುಮತಿಯ ವಿಷಯವನ್ನೂ ಅದೇ ಪತ್ರದಲ್ಲಿ ಮುಗಿಸಿಕೊಳ್ಳಿ.