ಓದುಗರ ಪ್ರಶ್ನೆ: ಗೀಸರ್, ಬಲ್ಬು, ಪಂಪು – ವಾಟ್ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ನಮ್ಮದು 15 ಲೀಟರಿನ, 2000 ವಾಟ್ ಗೀಸರ್. ಸಂಜೆ ಹೊತ್ತು ನೀರು ಕಾಯಲು ಅರ್ಧ ಗಂಟೆ ಬೇಕು. ಕಾಯಿಲ್ ಹೋಗಿದೆ, ಬದಲಾಯಿಸಿ ಎನ್ನುತ್ತಾರೆ ರಿಪೇರಿಯವರು. ನಾವೇ ಪರೀಕ್ಷಿಸಬಹುದೇ?
– ಓದುಗರು, ಅರಸೀಕೆರೆ

ಖಂಡಿತ ಪರೀಕ್ಷಿಸಬಹುದು. ಲೇಬಲ್ಲಿನ 2000 ವಾಟ್ ಎಂಬ ಮಾತು 230 ವೋಲ್ಟ್ ಸಿಕ್ಕಾಗ ಮಾತ್ರ ನಿಜ. ಕಾಯಿಲಿನಲ್ಲಿ ಹೆಚ್ಚು ಕಡಿಮೆ ಬದಲಾಗದೆ ಉಳಿಯುವುದು ಅದರ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ಅಡ್ಡಿ. ಮೊದಲು ಅದನ್ನು ತಿಳಿದುಕೊಳ್ಳಿ: ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ವಾಟಿನಿಂದ ಭಾಗಿಸಿ. 230 × 230 ÷ 2000 = 26.45 ಓಮ್.

ಈಗ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇಳಿಸಿ, ಪ್ಲಗ್ ಕಿತ್ತು ಹೊರಗೆ ತೆಗೆಯಿರಿ. ಗೀಸರಿನೊಳಗಿನ ನೀರು ತಣ್ಣಗಿರಬೇಕು. ಬಿಸಿಯಿದ್ದರೆ ಥರ್ಮೋಸ್ಟಾಟ್ (ನೀರು ಕಾದೊಡನೆ ಕರೆಂಟು ಕಡಿಯುವ ಸ್ವಿಚ್) ತೆರೆದುಕೊಂಡಿದ್ದು, ಕಾಯಿಲೇ ತುಂಡಾಗಿದೆಯೇನೋ ಎಂಬಂತೆ ಮೀಟರ್ ತೋರಿಸುತ್ತದೆ. ಮಲ್ಟಿಮೀಟರನ್ನು 200 ಓಮ್ ರೇಂಜಿಗೆ ಇಟ್ಟು, ಎರಡೂ ಪ್ರೋಬುಗಳ ತುದಿ ಒಂದಕ್ಕೊಂದು ತಾಗಿಸಿ. ಆಗ ಬರುವ 0.2 ಅಥವಾ 0.5 ಓಮ್ ಪ್ರೋಬಿನದ್ದೇ ರೋಧ, ಅದನ್ನು ಆಮೇಲೆ ಕಳೆಯಬೇಕು. ನಂತರ ಪ್ಲಗ್ಗಿನ ಎರಡು ಸಣ್ಣ ಪಿನ್ನುಗಳ ನಡುವೆ ಅಳೆಯಿರಿ. 25ರಿಂದ 28 ಓಮ್ ಬಂದರೆ ಕಾಯಿಲ್ ತುಂಡಾಗಿಲ್ಲ. ಏನೂ ಬರದಿದ್ದರೆ ಕಾಯಿಲ್, ಥರ್ಮೋಸ್ಟಾಟ್, ಥರ್ಮಲ್ ಕಟೌಟ್ (ಅತಿಯಾಗಿ ಕಾದರೆ ಕರೆಂಟು ಕಡಿಯುವ ರಕ್ಷಣೆ) ಮೂರರಲ್ಲೊಂದು ತೆರೆದುಕೊಂಡಿದೆ. ಸಣ್ಣ ಪಿನ್ನಿಗೂ ದಪ್ಪನೆಯ ಅರ್ಥ್ ಪಿನ್ನಿಗೂ ನಡುವೆ ರೋಧ ತೋರಿಸಿದರೆ ಆ ಗೀಸರನ್ನು ಮತ್ತೆ ಹಚ್ಚಬೇಡಿ. ತೋರಿಸದಿದ್ದರೂ ಪೂರ್ತಿ ನಂಬುವಂತಿಲ್ಲ. ಮಲ್ಟಿಮೀಟರಿನ ಸಣ್ಣ ಬ್ಯಾಟರಿಗೆ ಸಿಗದ ಸೋರಿಕೆ 500 ವೋಲ್ಟಿನ ಮೆಗ್ಗರಿನಲ್ಲಿ (ಹೆಚ್ಚು ವೋಲ್ಟ್ ಕೊಟ್ಟು ಸೋರಿಕೆ ಪರೀಕ್ಷಿಸುವ ಮೀಟರ್) ಸಿಗುತ್ತದೆ.

ಕಾಯಿಲ್ ಸರಿಯಿದ್ದರೆ, ಸಂಜೆ ಗೀಸರ್ ಓಡುತ್ತಿರುವಾಗಲೇ ಪಕ್ಕದ ಸಾಕೆಟ್ಟಿನಲ್ಲಿ ವೋಲ್ಟೇಜ್ ನೋಡಿ. ಪ್ರೋಬ್ ಆಂಪಿಯರ್ ತೂತಿನಲ್ಲಿ ಇಲ್ಲ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಇದ್ದರೆ ಅದು ನೇರ ಶಾರ್ಟ್ ಸರ್ಕ್ಯೂಟ್. 180 ವೋಲ್ಟ್ ಬಂತೆನ್ನಿ: 180 ÷ 26.45 = 6.8 ಆಂಪಿಯರ್. ಅದನ್ನು 180ರಿಂದ ಗುಣಿಸಿದರೆ ಸುಮಾರು 1225 ವಾಟ್. ವೋಲ್ಟೇಜ್ ಶೇ. 22 ಇಳಿದರೆ ಶಕ್ತಿ ಶೇ. 39 ಇಳಿಯುತ್ತದೆ, ಏಕೆಂದರೆ ವೋಲ್ಟಿನ ಜೊತೆ ಕರೆಂಟೂ ಇಳಿದಿದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 55ಕ್ಕೆ ಏರಿಸಲು 2000 ವಾಟಿನಲ್ಲಿ 16 ನಿಮಿಷ, 1225 ವಾಟಿನಲ್ಲಿ 26 ನಿಮಿಷ. ಖರ್ಚಾಗುವ ಯೂನಿಟ್ ಎರಡರಲ್ಲೂ ಹತ್ತಿರ ಹತ್ತಿರ ಅರ್ಧವೇ. ಹೊಸ ಕಾಯಿಲ್ ಹಾಕಿಸಿದರೂ ಇದೇ ಕಥೆ.

ಕೊಳವೆಬಾವಿ ನೀರಾದರೆ ಇನ್ನೊಂದು ಮಾತು. ಕಾಯಿಲ್ ಮೇಲೆ ಸುಣ್ಣ ಕಟ್ಟಿದರೂ ರೋಧ ಸರಿಯಾಗಿಯೇ ಬರುತ್ತದೆ. ಆದರೆ ಶಾಖ ನೀರಿಗೆ ಬೇಗ ದಾಟದೆ ಕಾಯಿಲೇ ಅತಿಯಾಗಿ ಕಾದು ಒಂದು ದಿನ ಸುಡುತ್ತದೆ. ಬಿಚ್ಚಿ ನೋಡದೆ ಇದು ತಿಳಿಯದು.

ಪ್ರಶ್ನೆ: 60 ವಾಟಿನ ಹಳೇ ತಂತಿ ಬಲ್ಬಿನ ರೋಧ ಅಳೆದರೆ 65 ಓಮ್ ಬಂತು. ಲೆಕ್ಕ ಹಾಕಿದರೆ 814 ವಾಟ್! ತಪ್ಪು ಯಾರದು?
– ವಿದ್ಯಾರ್ಥಿನಿ, ಧಾರವಾಡ

ಮೀಟರೂ ಸರಿ, ಗುಣಾಕಾರವೂ ಸರಿ. ನೀವು ಅಳೆದದ್ದು ತಣ್ಣನೆಯ ಟಂಗ್‌ಸ್ಟನ್ ತಂತಿಯನ್ನು. ಉರಿಯುವಾಗ ಅದು 2000 ಡಿಗ್ರಿಗೂ ಮೇಲೆ ಕಾದು, ರೋಧ 882 ಓಮಿನ ಆಸುಪಾಸಿಗೆ ಏರುತ್ತದೆ. ಸ್ವಿಚ್ ಒತ್ತಿದ ಕ್ಷಣ ಮಾತ್ರ ಮೂರೂವರೆ ಆಂಪಿಯರ್ ನುಗ್ಗುತ್ತದೆ. ಹಳೇ ಬಲ್ಬುಗಳು ಹೆಚ್ಚಾಗಿ ಹಚ್ಚುವಾಗಲೇ ಹೋಗುವುದು ಇದರಿಂದ. ಗೀಸರ್, ಇಸ್ತ್ರಿಪೆಟ್ಟಿಗೆಯ ನೈಕ್ರೋಮ್ ತಂತಿಯಲ್ಲಿ ಈ ಏರಿಕೆ ತೀರ ಕಡಿಮೆ, ಹಾಗಾಗಿ ತಣ್ಣಗಿರುವಾಗ ಅಳೆದ ಲೆಕ್ಕ ಅಲ್ಲಿ ನಡೆಯುತ್ತದೆ.

ಪ್ರಶ್ನೆ: ಗೀಸರ್ ಪ್ಲಗ್ಗಿನ ಒಂದು ಪಿನ್ ಕಪ್ಪಾಗಿ ಸುತ್ತಲಿನ ಪ್ಲಾಸ್ಟಿಕ್ ಕರಗಿದೆ. ಎಂಸಿಬಿ ಏಕೆ ಬೀಳಲಿಲ್ಲ?
– ಓದುಗರು, ಪುತ್ತೂರು

ಆ ಜಾಗದಲ್ಲಿ ಸಂಪರ್ಕ ಸಡಿಲವಾಗಿದೆ. ಅದರ ರೋಧ ಬರೀ ಅರ್ಧ ಓಮ್ ಎಂದುಕೊಳ್ಳಿ. ಹರಿಯುವ ಕರೆಂಟು 8.5 ಆಂಪಿಯರ್. ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿ ಓಮಿನಿಂದ ಗುಣಿಸಿದರೆ 36 ವಾಟ್. ಒಂದು ಬೆಸುಗೆ ಕಡ್ಡಿಯಷ್ಟು ಶಾಖ ಪಿನ್ನಿನ ತುದಿಯಲ್ಲೇ ಹುಟ್ಟುತ್ತಿದೆ. ಸಡಿಲ ಸಂಪರ್ಕ ಕರೆಂಟನ್ನು ಹೆಚ್ಚಿಸುವುದಿಲ್ಲ, ಒಂದಿಷ್ಟು ತಗ್ಗಿಸುತ್ತದೆ. 16 ಆಂಪಿಯರಿನ ಎಂಸಿಬಿಗೆ ಬೀಳಲು ಕಾರಣವೇ ಇಲ್ಲ. ಆದ್ದರಿಂದ ಅದನ್ನು ನಂಬಿ ಕೂರಬೇಡಿ.

ಪ್ಲಗ್ ಒಂದನ್ನೇ ಬದಲಾಯಿಸುವುದು ತಪ್ಪು. ಕಾದ ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಬಿಗಿ ಕಳೆದುಕೊಂಡಿರುತ್ತದೆ, ಹೊಸ ಪ್ಲಗ್ಗನ್ನೂ ಸುಡುತ್ತದೆ. 16 ಆಂಪಿಯರಿನ ಸಾಕೆಟ್, ಪ್ಲಗ್ ಎರಡೂ ಹೊಸದು ಹಾಕಿಸಿ. ಕಪ್ಪಾದ ವೈರಿನ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ಸ್ಕ್ರೂ ಬಿಗಿಯಬೇಕು. ಎಳೆಗಳು ಹರಡದಿರಲೆಂದು ತುದಿಗೆ ಸೀಸದ ಬೆಸುಗೆ ಹಾಕಿ ಸ್ಕ್ರೂ ಅಡಿಗೆ ಕೊಡುವವರಿದ್ದಾರೆ. ಮೆತ್ತನೆಯ ಬೆಸುಗೆ ಒತ್ತಡಕ್ಕೆ ಕ್ರಮೇಣ ಹರಡಿ ಮತ್ತೆ ಸಡಿಲಾಗುತ್ತದೆ. ಎಳೆಗಳಿಗೆ ಲಗ್ (ವೈರಿನ ತುದಿಗೆ ತೊಡಿಸುವ ಲೋಹದ ತುಂಡು) ಹಾಕಿ ಒತ್ತಿಸುವುದೇ ಸರಿ.

ಪ್ರಶ್ನೆ: 1 ಎಚ್‌ಪಿ ಪಂಪಿನಲ್ಲಿ 225 ವೋಲ್ಟ್, 6.5 ಆಂಪಿಯರ್ ಇದೆ. ಗುಣಿಸಿದರೆ 1462 ವಾಟ್. ಮನೆ ಮೀಟರ್ ಅಷ್ಟು ಓಡುವುದಿಲ್ಲವಲ್ಲ?
– ಓದುಗರು, ಚಳ್ಳಕೆರೆ

1462 ಎಂಬುದು ವೋಲ್ಟ್-ಆಂಪಿಯರ್, ವಾಟ್ ಅಲ್ಲ. ಮೋಟಾರಿನಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುವುದರಿಂದ ಪವರ್ ಫ್ಯಾಕ್ಟರಿನಿಂದಲೂ (ವೋಲ್ಟ್-ಆಂಪಿಯರಿನಲ್ಲಿ ನಿಜವಾದ ವಾಟಿನ ಪಾಲು) ಗುಣಿಸಬೇಕು. ಅದನ್ನು ತಿಳಿಯಲು ನಿಮ್ಮ ಮೀಟರೇ ಸಾಕು. ಮನೆಯ ಉಳಿದೆಲ್ಲವನ್ನೂ ಆರಿಸಿ ಪಂಪ್ ಮಾತ್ರ ಓಡಿಸಿ, ಮೀಟರಿನ ಕೆಂಪು ದೀಪ ಒಂದು ನಿಮಿಷಕ್ಕೆ ಎಷ್ಟು ಸಲ ಮಿನುಗುತ್ತದೆಂದು ಎಣಿಸಿ. ಯೂನಿಟ್ಟಿಗೆ 3200 ಮಿನುಗು ಎಂದು ಮೀಟರ್ ಮೇಲಿದ್ದು, ನಿಮಿಷಕ್ಕೆ 64 ಬಂದರೆ: 64 × 60 ÷ 3200 = 1.2 ಕಿಲೋವಾಟ್. 1200 ÷ 1462 = 0.82, ಇದು ನಿಮ್ಮ ಪಂಪಿನ ಪವರ್ ಫ್ಯಾಕ್ಟರ್.

ಆಂಪಿಯರನ್ನು ಕ್ಲಾಂಪ್ ಮೀಟರಿನಲ್ಲಿ (ವೈರನ್ನು ಸುತ್ತ ಹಿಡಿದು ಅಳೆಯುವ ಮೀಟರ್) ನೋಡುವುದಾದರೆ ಒಂದೇ ವೈರನ್ನು ಹಿಡಿಯಿರಿ. ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ಬರುತ್ತದೆ. ಮೋಟಾರಿನ ವೈಂಡಿಂಗಿನ (ಒಳಗೆ ಸುತ್ತಿದ ತಂತಿಯ) ರೋಧ ಅಳೆದು ಗೀಸರಿನ ಹಾಗೆ ವಾಟ್ ತೆಗೆಯಲು ಹೋಗಬೇಡಿ. ಅಲ್ಲಿ ಕೆಲವೇ ಓಮ್ ಇರುತ್ತದೆ, ಉತ್ತರ ಹತ್ತಾರು ಪಟ್ಟು ತಪ್ಪಿ ಬರುತ್ತದೆ. ವೋಲ್ಟೇಜ್ ಇಳಿದಾಗಲೂ ಪಂಪಿನ ನಡತೆ ಗೀಸರಿಗೆ ಉಲ್ಟಾ: ಅಷ್ಟೇ ನೀರೆತ್ತಲು ಹೆಚ್ಚು ಆಂಪಿಯರ್ ಎಳೆದು ವೈಂಡಿಂಗ್ ಕಾಯುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು (ಆಂಪಿಯರ್ ಮಿತಿ ಮೀರಿದರೆ ಮೋಟಾರು ನಿಲ್ಲಿಸುವ ಭಾಗ) ಮೋಟಾರಿನ ನೇಮ್‌ಪ್ಲೇಟಿನಲ್ಲಿರುವ ಆಂಪಿಯರಿಗೇ ಇಡಿ. ಪದೇ ಪದೇ ಬೀಳುತ್ತದೆಂದು ಅದನ್ನು ಮೇಲಕ್ಕೆ ತಿರುಗಿಸಿದರೆ ಸುಡುವುದು ಮೋಟಾರು.