ಹೊರಗೆ ನಿಲ್ಲಿಸಿದರೂ ಗಲಾಟೆ ಹೆಚ್ಚುತ್ತಿದೆ, ಯಾಕೆ?

ಪ್ರಶ್ನೆ: ಐದನೇ ತರಗತಿಯ ಹುಡುಗನೊಬ್ಬ ಗಣಿತದ ಪೀರಿಯಡ್‌ನಲ್ಲಿ ಪುಸ್ತಕ ಎಸೆಯುತ್ತಾನೆ, ಬೆಂಚಿಗೆ ಒದೆಯುತ್ತಾನೆ. ಪ್ರತಿ ಸಲವೂ ಹೊರಗೆ ನಿಲ್ಲಿಸುತ್ತೇನೆ. ಎರಡು ತಿಂಗಳಾಯಿತು, ಗಲಾಟೆ ಹೆಚ್ಚೇ ಆಗಿದೆ. ಕಾರಣ ಕಂಡುಹಿಡಿಯುವುದು ಹೇಗೆ?
— ಒಬ್ಬ ಶಿಕ್ಷಕಿ

ಉತ್ತರ: ನೀವು ಕೊಡುತ್ತಿರುವ ಶಿಕ್ಷೆಯೇ ಅವನಿಗೆ ಬಿಡುಗಡೆಯಾಗಿರಬಹುದು. ಹೊರಗೆ ನಿಂತಷ್ಟು ಹೊತ್ತು ಲೆಕ್ಕ ಮಾಡಬೇಕಿಲ್ಲವಲ್ಲ. ಆದರೆ ಸದ್ಯಕ್ಕೆ ಇದು ಊಹೆ. ಬರೆದಿಟ್ಟು ನೋಡಿದ ಮೇಲೆ ಒಪ್ಪಿಕೊಳ್ಳಿ.

‘ಹಟಮಾರಿ’, ‘ಒರಟ’ ಎಂದು ಬರೆಯಬೇಡಿ. ‘ಬೆಂಚಿಗೆ ಮೂರು ಸಲ ಒದ್ದ’ ಎಂದು ಕಂಡದ್ದನ್ನಷ್ಟೇ ಬರೆಯಿರಿ. ಇಬ್ಬರು ಬೇರೆ ಬೇರೆ ಕೂತು ಎಣಿಸಿದರೂ ಒಂದೇ ಸಂಖ್ಯೆ ಬರುವಷ್ಟು ಅದು ಸ್ಪಷ್ಟವಿರಲಿ. ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ಅವನಿಗೆ ಏನು ಸಿಕ್ಕಿತು ಅಥವಾ ಏನು ತಪ್ಪಿತು. ಉದಾಹರಣೆಗೆ: ‘11.20. ಬೋರ್ಡಿನಲ್ಲಿ ಐದು ಭಾಗಾಕಾರ ಕೊಟ್ಟೆ. ಎರಡನೆಯದಕ್ಕೆ ಬಂದಾಗ ಪುಸ್ತಕ ಎಸೆದ. ಹೊರಗೆ ಕಳಿಸಿದೆ. ಬೆಲ್ ಆಗುವವರೆಗೆ ಲೆಕ್ಕ ಮಾಡಲಿಲ್ಲ.’ ಎರಡು ವಾರ ಹೀಗೆ ಬರೆಯಿರಿ. ಗಲಾಟೆಯಿಲ್ಲದ ಪೀರಿಯಡ್‌ಗಳನ್ನೂ ಬಿಡಬೇಡಿ. ಬಹಳ ಜನ ಎಡವುವುದು ಇಲ್ಲೇ. ಬಾಯಿಲೆಕ್ಕದ ದಿನ ಸುಮ್ಮನಿದ್ದು ಬರೆಯುವ ದಿನವಷ್ಟೇ ಸಿಡಿದರೆ, ಕಷ್ಟ ಗಣಿತದ್ದಲ್ಲ, ಬರವಣಿಗೆಯದ್ದಿರಬಹುದು.

ಸಾಮಾನ್ಯವಾಗಿ ಕಾಣುವ ಕಾರಣಗಳು ನಾಲ್ಕು: ಗಮನ ಸೆಳೆಯುವುದು, ಕೆಲಸ ತಪ್ಪಿಸಿಕೊಳ್ಳುವುದು, ಬೇಕಾದ ವಸ್ತು ಪಡೆಯುವುದು, ದೇಹಕ್ಕೆ ಹಿತವೆನಿಸುವುದು. ಎರಡು ಕೂಡಿಕೊಂಡೂ ಇರುತ್ತವೆ. ನಿದ್ದೆ, ಹಸಿವು, ಹಲ್ಲುನೋವಿನ ಬಗ್ಗೆ ಮನೆಯವರನ್ನು ಕೇಳಿ. ದೃಷ್ಟಿ, ಶ್ರವಣ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಲು ಹೇಳಿ.

ಊಹೆ ಗಟ್ಟಿಯೇ ಎಂದು ತಿಳಿಯಲು ಒಂದೇ ಒಂದು ಅಂಶ ಬದಲಿಸಿ. ಒಂದು ವಾರ ಐದು ಲೆಕ್ಕದ ಬದಲು ಎರಡೇ ಕೊಡಿ. ಗಲಾಟೆ ಇಳಿದರೆ ಊಹೆಗೆ ಬಲ ಬಂತು. ಆಸನ, ಲೆಕ್ಕ, ಬಹುಮಾನ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಇಳಿಯಿತೆಂದು ಗೊತ್ತಾಗುವುದಿಲ್ಲ. ಆ ವಾರ ಕಳೆದ ಮೇಲೆ, ಎಸೆಯುವ ಬದಲು ‘ಸಹಾಯ ಬೇಕು’ ಎಂಬ ಚೀಟಿ ತೋರಿಸಲು ಕಲಿಸಿ. ಆರಂಭದಲ್ಲಿ ಚೀಟಿ ಕಂಡ ಕೂಡಲೇ ಅವನ ಬಳಿ ಹೋಗಿ. ತಡವಾದರೆ ಪುಸ್ತಕ ಎಸೆಯುವುದೇ ಬೇಗ ಫಲ ಕೊಡುವ ದಾರಿಯಾಗಿ ಉಳಿಯುತ್ತದೆ.

ಗಮನಕ್ಕಾಗಿಯೇ ಮಾಡುತ್ತಿದ್ದರೆ, ನೀವು ಗಮನ ಕೊಡುವುದು ನಿಲ್ಲಿಸಿದ ಮೊದಲ ದಿನಗಳಲ್ಲಿ ಗಲಾಟೆ ಏರುವುದುಂಟು. ಆಗ ಸೋತು ಬೈದರೆ, ಜೋರು ಮಾಡಿದರೆ ಸಿಗುತ್ತದೆ ಎಂದು ಕಲಿಯುತ್ತಾನೆ. ತನಗೋ ಇತರರಿಗೋ ಗಾಯ ಮಾಡಿಕೊಳ್ಳುವಂತಿದ್ದರೆ ಮಾತ್ರ ಸುಮ್ಮನಿರಬೇಡಿ; ತಜ್ಞರನ್ನು ಕರೆಸಿ.

ಪ್ರಶ್ನೆ: ‘ಯಾಕೆ ಹೀಗೆ ಮಾಡಿದೆ?’ ಎಂದು ಅವನನ್ನೇ ಕೇಳಿದರೆ ಸಾಲದೇ?

ಉತ್ತರ: ‘ಗೊತ್ತಿಲ್ಲ ಮಿಸ್’ ಎನ್ನುತ್ತಾನೆ, ಅದು ನಿಜವೂ ಇರಬಹುದು. ಅವನು ಶಾಂತವಾಗಿರುವಾಗ ಪುಸ್ತಕ ತೆರೆದು, ‘ಇದರಲ್ಲಿ ಯಾವ ಲೆಕ್ಕದ ಹತ್ತಿರ ಸಾಕು ಅನ್ನಿಸಿತು, ಬೆರಳಿಟ್ಟು ತೋರಿಸು ಮರಿ’ ಎಂದು ಕೇಳಿ ನೋಡಿ.